ಬಿಜೈಯಿಂದ ಬಂದವಳು

ಕೌಂಟರಿನ ಹುಡುಗಿ ಆಧಾರ್ ಕಾರ್ಡು ತಿರುಗಿಸಿ ನೋಡಿ
"ಲೋಕಲ್ ಐಡಿಗೆ ರೂಮು ಕೊಡ್ಲಿಕ್ಕಿಲ್ಲ ಆಂಟಿ" ಅಂದಳು.
ನನ್ನ ಮನೆ ಇಲ್ಲಿಂದ ಹನ್ನೆರಡು ನಿಮಿಷ,
ಬಿಜೈ ಮಾರ್ಕೆಟಿನ ಹಿಂದೆ, ಇಳಿಜಾರು, ಬಾವಿಕಟ್ಟೆಯ ಎಡಕ್ಕೆ.
ಊರವಳಿಗೇ ಊರಲ್ಲಿ ಹಾಸಿಗೆ ಇಲ್ಲ ಅಂದರೆ
ಎಂತ ಹೇಳುವುದು?
"ಒರಲೆ" ಅಂದೆ.
"ಎಂತ?"
"ಮನೆಗೆ ಒರಲೆ. ಮದ್ದು ಹೊಡೀತಿದ್ದಾರೆ. ಮೂರು ದಿನ ಒಳಗೆ ಉಸಿರಾಡಬಾರದಂತೆ."
ಅವಳು ಮ್ಯಾನೇಜರಿಗೆ ಫೋನು ಮಾಡಿದಳು.
ಆಚೆಯವ ನಕ್ಕದ್ದು ನನಗೂ ಕೇಳಿತು.
ಏಳುನೂರ ಎರಡರ ಕಾರ್ಡು ಕೈಗೆ ಬಂತು.

ಒಂದು ರಾತ್ರಿಗೆ ಏಳು ಲೈನಿಂಗ್ ಬ್ಲೌಸು.
ನಾನು ಲೆಕ್ಕ ಹಾಕುವುದು ಹಾಗೆಯೇ.

ಕೋಣೆಯೊಳಗೆ ಏನೂ ಇರಲಿಲ್ಲ.
ಇತ್ತು ಅಂದರೆ ಹಾಸಿಗೆ, ಕುರ್ಚಿ, ಗೋಡೆಯಲ್ಲಿ ಮೂರು ಗೂಟ.
ಕಪಾಟಿಲ್ಲ. ಕ್ಯಾಲೆಂಡರಿಲ್ಲ. ದೇವರ ಪಟದ ಮೊಳೆಯ ಗುರುತೂ ಇಲ್ಲ.
ಸಿಮೆಂಟಿಗೆ ಬಣ್ಣ ಹೊಡೆಯಲು ಮರೆತರೋ ಅಂದುಕೊಂಡೆ;
ಚೀಲ ತಂದ ಹುಡುಗ ಲತೀಶ "ಇದೇ ಫ್ಯಾಷನ್ ಆಂಟಿ" ಅಂದ.
ಅವನ ಅಂಗಿಯ ಎಡ ಭುಜ ಅರ್ಧ ಇಂಚು ಇಳಿದಿತ್ತು. ಹೇಳಲಿಲ್ಲ.

ಮೂರು ಗೂಟಕ್ಕೆ ಸೀರೆ, ಟವೆಲು, ಕೊಡೆ.
ಮುಗಿಯಿತು ಸಂಸಾರ.
ಕೈ ಸುಮ್ಮನಿರದೆ ಪರ್ಸಿನ ಟೇಪು ತೆಗೆದು
ಕೋಣೆ ಅಳೆದೆ.

ಮನೆಯಲ್ಲಿ ಮೂವತ್ತೊಂದು ವರ್ಷದ ಚಿಂದಿ ಉಂಟು.
ಯಾರ ಮದುವೆಯದ್ದೋ ಜರಿಯಂಚು, ಯಾರ ಬಾಣಂತನದ್ದೋ ವಾಯಿಲ್ ತುಂಡು,
ಕವರಿನೊಳಗೆ ಕವರು, ಅದರೊಳಗೆ ಗುಂಡಿ,
ಬೇಕಾದೀತು, ಬೇಕಾದೀತು ಅಂತ ಇಟ್ಟದ್ದು.
ಬೇಕಾದದ್ದು ಒರಲೆಗೆ.

ಅವಕ್ಕೆ ಎಂಥ ಮರ್ಯಾದೆ!
ಹಲಸಿನ ಪೆಟ್ಟಿಗೆಯ ಹೊರಮೈ ಮುಟ್ಟಲಿಲ್ಲ,
ಪಾಲಿಶು ಹಾಗೆಯೇ, ಬೀಗ ಹಾಗೆಯೇ,
ಬೆರಳಿಟ್ಟೆ, ಹಪ್ಪಳದ ಹಾಗೆ ಒಳಗೆ ಹೋಯಿತು.
ಒಳಗೆ ನನ್ನ ಅಳತೆ ಪುಸ್ತಕ.
ಸರಳಾಕ್ಷಿ ಟೀಚರು: ಎದೆ ಮೂವತ್ತಾರು, ತೋಳು ಎಂಟೂವರೆ,
ಸೊಂಟ ಇದ್ದಲ್ಲಿ ತೂತು.
ಹಿಲ್ಡಾ ಬಾಯಿಯ ಹೆಸರು ಮಾತ್ರ, ಮೈಯೇ ಇಲ್ಲ.
ನನ್ನ ಅಕ್ಕ ದೇವಕಿಯದ್ದು, ಅವಳು ಹೋಗಿ ಒಂಬತ್ತು ವರ್ಷ,
ಕುತ್ತಿಗೆ ಇಳಿತ ಏಳು ಅಂತ ಒಂದು ಸಾಲು ಉಳಿದಿತ್ತು,
ಅದರ ಮೇಲೆ ಮಣ್ಣಿನ ಸಣ್ಣ ಓಣಿ.

ರಾತ್ರಿ ಎ.ಸಿ.ಯದ್ದು ಒಂದೇ ಸಮನೆ ಉಸಿರು.
ಎದ್ದು ಬೆರಳ ಗೆಣ್ಣಿನಿಂದ ಗೋಡೆ ಬಡಿದೆ,
ಮದ್ದಿನವರು ಬಡಿದ ಹಾಗೆ, ಕಿವಿಯಿಟ್ಟು.
ಗಟ್ಟಿ. ಎಲ್ಲಿ ಬಡಿದರೂ ಗಟ್ಟಿ.
ಇಲ್ಲಿ ತಿನ್ನಲಿಕ್ಕೆ ಎಂತದೂ ಇಲ್ಲ, ಪಾಪ.

ಕಿಟಕಿ ತುಂಬ ಮಂಗಳೂರಿನ ದೀಪ.
ದೀಪ ನಿಂತಲ್ಲಿ ಕಡಲು ಅಂತ ತಿಳಿಯಬೇಕು,
ಅದರಾಚೆ ಮತ್ತೆ ಎರಡು ಬೋಟು.
ಬಿಜೈ ಕಡೆ ಹುಡುಕಿದೆ. ನೀರಿನ ಟಾಂಕಿ, ಮೊಬೈಲು ಟವರು,
ಅದರ ಬುಡಕ್ಕೆ ಕತ್ತಲೆಯ ಒಂದು ಚೌಕ: ನನ್ನ ಮನೆ.
ರಾತ್ರಿ ಅದನ್ನು ಹೊರಗಿನಿಂದ ನೋಡಿದ್ದೇ ಇಲ್ಲ.
ದೀಪ ಹಾಕುವವಳು ಒಳಗೇ ಇರುತ್ತಿದ್ದೆನಲ್ಲ.
ಇಷ್ಟು ದೂರದಿಂದ ಅದರೊಳಗೂ ಏನೂ ಇಲ್ಲ,
ಒಂದು ಗೂಟ ಕೂಡ.

ಎರಡನೆಯ ದಿನ ಬೇಜಾರು.
ಗೋಳಿಬಜೆ ಕಟ್ಟಿಸಿಕೊಂಡು ಬಂದು
ಎಣ್ಣೆ ಬಿಳಿ ಹಾಸಿಗೆಗೆ ತಾಗದ ಹಾಗೆ ನಿಂತೇ ತಿಂದೆ.
ಆಗ ಕಂಡಿತು: ಪರದೆಯ ಅಂಚು ನಾಲ್ಕು ಬೆರಳು ಬಿಚ್ಚಿದೆ.
ಬೂದು ಪರದೆ. ಪರ್ಸಿನಲ್ಲಿ ಸೂಜಿ ಯಾವಾಗಲೂ ಉಂಟು,
ನೂಲು ಮಾತ್ರ ಕೆಂಪು.
ಹಾಕಿದೆ. ಹಲ್ಲಿನಿಂದ ನೂಲು ಕಡಿದೆ.
ಬಗ್ಗಿ ನೋಡುವವರಿಗೆ ಮಾತ್ರ ಕಾಣುವುದು;
ಈ ಕೋಣೆಯಲ್ಲಿ ಯಾರು ಬಗ್ಗುತ್ತಾರೆ.

ಹೊರಡುವಾಗ ಲತೀಶ ಒಳಗೆ ಕಣ್ಣಾಡಿಸಿ
"ಎಂತದೂ ಬಿಟ್ಟಿಲ್ಲ ಅಲ್ವಾ ಆಂಟಿ?" ಅಂದ.
"ಇಲ್ಲ ಮಾರಾಯ" ಅಂದೆ. "ಆ ಅಂಗಿ ಬಿಜೈಗೆ ತಾ. ಭುಜ ಸರಿ ಮಾಡಿ ಕೊಡ್ತೇನೆ."

ಮನೆಯಲ್ಲಿ ಇನ್ನೂ ಮದ್ದಿನ ನಾತ. ಕಿಟಕಿ ತೆರೆದು ಕೂತೆ.
ಹೊಸ ನೋಟುಬುಕ್ಕು, ಮೊದಲ ಪುಟ. ಯಾರದ್ದು ಬರೆಯುವುದು?

ಏಳುನೂರ ಎರಡು.
ಉದ್ದ ಹದಿಮೂರು ಅಡಿ, ಅಗಲ ಒಂಬತ್ತೂವರೆ.
ತೋಳಿಲ್ಲ. ಕಿಸೆಯಿಲ್ಲ.

ಅದರ ಕೆಳಗೆ
ದೇವಕಿ. ಕುತ್ತಿಗೆ ಇಳಿತ ಏಳು.